ಇವಾಂಗೆಲಿಯನ್‌ಗೆ ಮೂರು ಕೊನೆ: ಎಲ್ಲರೂ ಬೈದ ಮೊದಲನೆಯದೇ ನನಗೆ ಯಾಕೆ ಹೆಚ್ಚು

'ನಿಯಾನ್ ಜೆನೆಸಿಸ್ ಇವಾಂಗೆಲಿಯನ್' ಎಂಬ ಜಪಾನಿನ ಟಿವಿ ಸರಣಿ ನೋಡಲು ಶುರು ಮಾಡಿದೆ ಅಂತ ಯಾರಾದರೂ ಹೇಳಿದರೆ ಸಾಕು, ಅನಿಮೆ (ಜಪಾನಿನ ಅನಿಮೇಷನ್) ಗೊತ್ತಿರುವವರು ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ. 24 ಕಂತು ನೋಡು, 25 ಮತ್ತು 26 ಬಿಟ್ಟುಬಿಡು, ನೇರವಾಗಿ ಸಿನಿಮಾಕ್ಕೆ ಹೋಗು. ಈ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಈ ಕಥೆಗೆ ಇರುವ ಮೂರೂ ಕೊನೆಗಳನ್ನು (ಟಿವಿಯದು, 1997ರ ಸಿನಿಮಾದ್ದು, 2021ರ ಸಿನಿಮಾದ್ದು) ನಾನು ಹಿಂದುಮುಂದು ಮಾಡಿ ನೋಡಿದ್ದೇನೆ. ತಮ್ಮನಿಗೆ ಒಂದು ಕ್ರಮದಲ್ಲಿ ತೋರಿಸಿದೆ, ಒಬ್ಬ ಗೆಳತಿ ಇನ್ನೊಂದು ಕ್ರಮದಲ್ಲಿ ನೋಡಿದಳು. ಪ್ರತಿ ಸಲವೂ ನನಗೆ ಗಟ್ಟಿಯಾಗಿದ್ದು ಒಂದೇ ಅಭಿಪ್ರಾಯ: ಜನ ಅತಿ ಹೆಚ್ಚು ಬೈದ ಆ ಎರಡು ಕಂತುಗಳೇ ಈ ಸರಣಿಯ ನಿಜವಾದ ಕೊನೆ. ಮುಂದೆ ಎಲ್ಲವನ್ನೂ ಬಿಚ್ಚಿ ಮಾತಾಡುತ್ತೇನೆ, ಹಾಗಾಗಿ ಇನ್ನೂ ನೋಡದವರು ನೋಡಿಕೊಂಡು ಬನ್ನಿ.

ಮೊದಲು ಸ್ವಲ್ಪ ಹಿನ್ನೆಲೆ. ಸರಣಿ ಟಿವಿ ಟೋಕಿಯೊದಲ್ಲಿ 1995ರ ಅಕ್ಟೋಬರ್‌ನಿಂದ 1996ರ ಮಾರ್ಚ್‌ವರೆಗೆ ಬಂತು. ಒಟ್ಟು 26 ಕಂತು, ಗೈನಾಕ್ಸ್ ಸ್ಟುಡಿಯೊದ್ದು, ನಿರ್ದೇಶಕ ಹಿದೆಯಾಕಿ ಆನ್ನೊ. ಶಿಂಜಿ ಎಂಬ 14 ವರ್ಷದ ಹುಡುಗ. ಅವನನ್ನು ಎಷ್ಟೋ ವರ್ಷ ದೂರವಿಟ್ಟಿದ್ದ ಅಪ್ಪ ಗೆಂಡೊ ಒಂದು ದಿನ ಕರೆಸಿಕೊಳ್ಳುತ್ತಾನೆ. ಪ್ರೀತಿಯಿಂದಲ್ಲ. 'ಇವಾ' ಎಂಬ ದೈತ್ಯದೊಳಗೆ ಕೂತು 'ಏಂಜೆಲ್' ಎಂಬ ದಾಳಿಕೋರ ಜೀವಿಗಳ ಜೊತೆ ಹೋರಾಡಲು ಒಬ್ಬ ಹುಡುಗ ಬೇಕಿತ್ತು, ಅಷ್ಟೇ. 24ನೇ ಕಂತಿನಲ್ಲಿ ಕೊನೆಯ ಏಂಜೆಲ್ ಬರುವುದು ಕಾವೊರು ಎಂಬ ಹುಡುಗನ ರೂಪದಲ್ಲಿ. ಶಿಂಜಿಗೆ 'ನೀನಂದ್ರೆ ನನಗಿಷ್ಟ' ಅಂತ ಬಾಯಿಬಿಟ್ಟು ಹೇಳಿದವನು ಅವನೇ. ಅವನನ್ನೇ ಶಿಂಜಿ ತನ್ನ ಕೈಯಾರೆ ಸಾಯಿಸಬೇಕಾಗುತ್ತದೆ. ಇವಾದ ಕೈಯಲ್ಲಿ ಕಾವೊರು, ಹಿಂದೆ ಬೀಥೋವನ್‌ನ ಒಂಬತ್ತನೇ ಸಿಂಫನಿ, ಪರದೆಯ ಮೇಲೆ ಒಂದೇ ಚಿತ್ರ ಸುಮಾರು ಒಂದು ನಿಮಿಷ ಅಲುಗಾಡದೆ ನಿಲ್ಲುತ್ತದೆ.

ಇಷ್ಟಾದ ಮೇಲೆ ಪ್ರೇಕ್ಷಕರು ಕಾದಿದ್ದು ದೊಡ್ಡ ಯುದ್ಧಕ್ಕೆ. ಮನುಷ್ಯರನ್ನೆಲ್ಲ ಒಂದೇ ಜೀವವಾಗಿ ಬೆರೆಸುವ ಯೋಜನೆ ಏನಾಯಿತು, ಝೇಲೆ ಎಂಬ ಗುಪ್ತ ಕೂಟ ಏನು ಮಾಡಿತು, ಅಪ್ಪನ ಉದ್ದೇಶ ಏನು? ಆದರೆ 25ನೇ ಕಂತಿನಲ್ಲಿ ಸಿಗುವುದು ಕತ್ತಲು, ಒಂದು ಮಡಚುವ ಕುರ್ಚಿ, ಅದರ ಮೇಲೆ ಬೆಳಕು, ಕುರ್ಚಿಯಲ್ಲಿ ಶಿಂಜಿ. 'ಯಾಕೆ ಕೊಂದೆ?' ಅನ್ನುವ ಪ್ರಶ್ನೆ. ಆಮೇಲೆ ಅವನಂತೆಯೇ ಇವಾ ನಡೆಸುವ ಹುಡುಗಿಯರಾದ ಅಸುಕಾ, ರೇ, ಅವರ ಮೇಲಧಿಕಾರಿ ಮಿಸಾಟೊ ಒಬ್ಬೊಬ್ಬರೂ ಆ ಬೆಳಕಿನಡಿ ಬಂದು ತಮ್ಮನ್ನು ತಾವೇ ವಿಚಾರಣೆಗೆ ಒಡ್ಡಿಕೊಳ್ಳುತ್ತಾರೆ. ಯುದ್ಧ ಇಲ್ಲ, ಕಥೆ ಮುಂದಕ್ಕೆ ಹೋಗುವುದೂ ಇಲ್ಲ.

'ಅಕ್ಕಾ, ಕಥೆ ಎಲ್ಲಿ ಹೋಯ್ತು?' ಅಂತ ತಮ್ಮ ಕೇಳಿದ್ದು ಇಲ್ಲೇ. ನ್ಯಾಯವಾದ ಪ್ರಶ್ನೆ. 1996ರಲ್ಲಿ ಜಪಾನಿನ ಅಭಿಮಾನಿಗಳು ಸಿಟ್ಟಾಗಿದ್ದೂ ಇದಕ್ಕೇ. ತಯಾರಿಕೆ ತಡವಾಗಿ, ಕೊನೆಯ ಕಂತುಗಳಿಗೆ ಸಮಯವೇ ಉಳಿದಿರಲಿಲ್ಲ ಅನ್ನುವುದು ನೋಡಿದರೇ ಗೊತ್ತಾಗುತ್ತದೆ. ಹಳೆಯ ದೃಶ್ಯಗಳು ಮತ್ತೆ ಬರುತ್ತವೆ. ಫೋಟೊಗಳು, ಪೆನ್ಸಿಲ್ ಗೆರೆಗಳು, ಪರದೆ ತುಂಬಾ ಬರೀ ಅಕ್ಷರಗಳು. ಹಾಗಂತ ಇದನ್ನು ಸುಮ್ನೆ ಕೈಗೆ ಸಿಕ್ಕಿದ್ದನ್ನು ಅಂಟಿಸಿದ ಕೆಲಸ ಅನ್ನುವವರು ಹಿಂದಿನ ಕಂತುಗಳನ್ನು ಇನ್ನೊಮ್ಮೆ ನೋಡಬೇಕು. 16ನೇ ಕಂತಿನಲ್ಲಿ ಏಂಜೆಲ್ ಒಂದರ ನೆರಳು ಶಿಂಜಿಯನ್ನು ನುಂಗಿದಾಗ, ರೈಲಿನ ಬೋಗಿಯಲ್ಲಿ ಅವನು ತನ್ನ ಜೊತೆ ತಾನೇ ವಾದ ಮಾಡುತ್ತಾ ಕೂರುತ್ತಾನೆ. 20ನೇ ಕಂತಿನಲ್ಲಿ ಅವನ ದೇಹ ಇವಾದೊಳಗೆ ಕರಗಿಹೋಗಿ, ಮನಸ್ಸು ಮಾತ್ರ ಉಳಿಯುತ್ತದೆ. 22ರಲ್ಲಿ ಅಸುಕಾಳ ಮೇಲೆ ಬೀಳುವ ಏಂಜೆಲ್ ಅವಳ ಮೈ ಮುಟ್ಟುವುದಿಲ್ಲ, ನೆನಪುಗಳನ್ನು ಕೆದಕುತ್ತದೆ. ಸರಣಿ ಆಗಲೇ ತಲೆಯೊಳಕ್ಕೆ ಇಳಿದಿತ್ತು. 25ನೇ ಕಂತು ಹೊರಗಿನ ಲೋಕವನ್ನು ಪೂರ್ತಿ ಬಿಟ್ಟಿತು, ಅಷ್ಟೇ ವ್ಯತ್ಯಾಸ.

ಇನ್ನು 26ನೇ ಕಂತು. ಅದರಲ್ಲಿ ಒಂದು ದೃಶ್ಯಕ್ಕಾಗಿಯೇ ನಾನು ಈ ಕೊನೆಯ ಪರ ವಾದ ಮಾಡುತ್ತೇನೆ. ಪರದೆ ಪೂರ್ತಿ ಬಿಳಿ. ಬಣ್ಣವಿಲ್ಲದ ಗೆರೆಯ ಶಿಂಜಿ ಅದರಲ್ಲಿ ತೇಲುತ್ತಿದ್ದಾನೆ. ಇದು ಸ್ವಾತಂತ್ರ್ಯ, ನಿನ್ನನ್ನು ತಡೆಯುವುದು ಏನೂ ಇಲ್ಲ ಅನ್ನುತ್ತದೆ ಒಂದು ದನಿ. ಆದರೆ ಅವನಿಗೆ ಎಲ್ಲಿ ಹೋಗಬೇಕು, ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಆಗ ಕೆಳಗೆ ಒಂದು ಅಡ್ಡಗೆರೆ ಬರುತ್ತದೆ. ಅದು ನೆಲ. ಈಗ ಮೇಲೆ ಕೆಳಗೆ ಅಂತ ಆಯಿತು, ಒಂದು ಸ್ವಾತಂತ್ರ್ಯ ಹೋಯಿತು. ಆದರೆ ನಿಲ್ಲಲು ಜಾಗ ಸಿಕ್ಕಿತು, ನಡೆಯಲು ಬಂತು. ಅಲ್ಲಿಂದ ಮಾತು ಬೇರೆಯವರ ಕಡೆಗೆ ತಿರುಗುತ್ತದೆ: ಬೇರೆಯವರು ಇದ್ದರೆ ನೋವಾಗುತ್ತದೆ, ಆದರೆ ಬೇರೆಯವರು ಇಲ್ಲದೆ 'ನಾನು' ಎಂಬುದರ ಆಕಾರವೇ ತಿಳಿಯುವುದಿಲ್ಲ. ಇಡೀ ಸರಣಿ ಹೇಳಲು ಒದ್ದಾಡುತ್ತಿದ್ದ ಮಾತನ್ನು ಇಲ್ಲಿ ಒಂದೇ ಒಂದು ಗೆರೆ ಹೇಳಿಬಿಡುತ್ತದೆ. ಎಷ್ಟೇ ಹಣ, ಎಷ್ಟೇ ಸಮಯ ಸುರಿದಿದ್ದರೂ ಈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ.

ಅದರ ಹಿಂದೆಯೇ ಇನ್ನೊಂದು ಲೋಕ ಬರುತ್ತದೆ. ಅಸುಕಾ ಬಾಲ್ಯದ ಗೆಳತಿ, ಬೆಳಿಗ್ಗೆ ಬಂದು ಶಿಂಜಿಯನ್ನು ಬೈದು ಎಬ್ಬಿಸುತ್ತಾಳೆ. ಅಮ್ಮ ಯೂಯಿ ಅಡುಗೆಮನೆಯಲ್ಲಿ, ಅಪ್ಪ ಪೇಪರ್ ಹಿಂದೆ. ರೇ ಬಾಯಲ್ಲಿ ಬ್ರೆಡ್ ಕಚ್ಚಿಕೊಂಡು ಸ್ಕೂಲಿಗೆ ಓಡಿಬಂದು ಇವನಿಗೆ ಡಿಕ್ಕಿ ಹೊಡೆಯುತ್ತಾಳೆ. ಮಿಸಾಟೊ ಟೀಚರ್. ತಮ್ಮ ಇಲ್ಲಿ ಬಿದ್ದು ಬಿದ್ದು ನಕ್ಕ. ಆದರೆ ಈ ನಗುವಿಗೆ ಒಂದು ಕೆಲಸ ಇದೆ. ನಾನು ಹೀಗೆ, ನನ್ನ ಬದುಕು ಹೀಗೆ ಅಂತ ಶಿಂಜಿ ಹಿಡಿದುಕೊಂಡಿದ್ದು ಇರಬಹುದಾದ ಹಲವು ಲೋಕಗಳಲ್ಲಿ ಒಂದು ಮಾತ್ರ ಅಂತ ಅವನಿಗೆ ಹೊಳೆಯಬೇಕು. ಅದಾದ ಮೇಲೆಯೇ ಅವನು 'ನನಗೆ ನಾನಂದ್ರೆ ಆಗಲ್ಲ, ಆದ್ರೆ ಇಷ್ಟ ಆಗಬಹುದೇನೋ' ಅನ್ನುವಲ್ಲಿಗೆ ಬರುತ್ತಾನೆ. ನಾನು ಇಲ್ಲಿ ಇರಬಹುದು ಅನ್ನುತ್ತಾನೆ. ಸುತ್ತಲಿನ ಗೋಡೆ ಒಡೆದು ನೀಲಿ ಆಕಾಶ. ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟಿ ಅಭಿನಂದನೆ ಹೇಳುತ್ತಾರೆ. ಮಿಸಾಟೊ ಸಾಕಿದ ಪೆಂಗ್ವಿನ್ ಪೆನ್ ಪೆನ್ ಕೂಡ ಇದೆ.

ಈ ಚಪ್ಪಾಳೆಯನ್ನು ಇಂಟರ್ನೆಟ್ ವರ್ಷಗಟ್ಟಲೆ ತಮಾಷೆಗೆ ಬಳಸಿದೆ. ನನಗೆ ಅದನ್ನು ನೋಡಿದಾಗಲೆಲ್ಲ ಗಂಟಲು ಕಟ್ಟುತ್ತದೆ. ಮೊದಲ ಕಂತಿನಿಂದಲೂ ಈ ಹುಡುಗ ಇವಾ ಹತ್ತಿದ್ದು ಯಾರಾದರೂ ಭೇಷ್ ಅನ್ನಲಿ ಅಂತ. ಒಂದೊಂದು ಗೆಲುವಿಗೂ ಅಪ್ಪನ ಮುಖ ನೋಡಿದ್ದಾನೆ. ಇಲ್ಲಿ ಅವನು ಯಾವ ಏಂಜೆಲನ್ನೂ ಹೊಡೆದಿಲ್ಲ, ಯಾರನ್ನೂ ಕಾಪಾಡಿಲ್ಲ. ಇರುತ್ತೇನೆ ಅಂದ, ಅಷ್ಟಕ್ಕೇ ಚಪ್ಪಾಳೆ.

1997ರ ಜುಲೈನಲ್ಲಿ ಬಂದ 'ದಿ ಎಂಡ್ ಆಫ್ ಇವಾಂಗೆಲಿಯನ್' ಇದಕ್ಕೆ ಎದುರಾಳಿ ಅಂತ ಎಲ್ಲರೂ ಭಾವಿಸುತ್ತಾರೆ. ಅಬ್ಬಾ, ಅದೊಂದು ಸಿನಿಮಾ! ಇವಾಗಳನ್ನು ನಡೆಸುವ ಗೆಂಡೊನ ಸಂಸ್ಥೆ ನರ್ವ್‌ನ ಕಚೇರಿಗೆ ಸೇನೆ ನುಗ್ಗಿ ಕಂಡಕಂಡವರನ್ನು ಕೊಲ್ಲುತ್ತದೆ. ಇವಾದ ವಿದ್ಯುತ್ ಕೇಬಲ್ ತುಂಡಾಗಿ, ಮೂರೂವರೆ ನಿಮಿಷದ ಬ್ಯಾಟರಿಯಲ್ಲಿ ಅಸುಕಾ ಝೇಲೆ ಕಳಿಸಿದ ಒಂಬತ್ತು ಇವಾಗಳ ಮೇಲೆ ಬೀಳುತ್ತಾಳೆ. ಅನಿಮೆಯಲ್ಲಿ ನಾನು ಕಂಡ ಅತ್ಯುತ್ತಮ ಹೋರಾಟ ಅದು, ಅದರ ಕೊನೆ ನೋಡಲು ಧೈರ್ಯ ಬೇಕು. ಶಿಂಜಿ ಮಾತ್ರ ಮೊದಲರ್ಧವೆಲ್ಲ ಮುದುಡಿ ಕೂತಿರುತ್ತಾನೆ, ಮಿಸಾಟೊ ಅವನನ್ನು ಎಳೆದುಕೊಂಡು ಓಡಬೇಕು. ಆಮೇಲೆ ಮನುಷ್ಯರೆಲ್ಲ ಕರಗಿ ಕೆಂಪು ಸಮುದ್ರವಾಗುತ್ತಾರೆ. ಥಿಯೇಟರಿನಲ್ಲಿ ಕೂತ ನಿಜವಾದ ಪ್ರೇಕ್ಷಕರೇ ಪರದೆಯ ಮೇಲೆ ಬರುತ್ತಾರೆ. ಕೊನೆಗೆ ದಡದಲ್ಲಿ ಶಿಂಜಿ, ಅಸುಕಾ ಇಬ್ಬರೇ. ಅವನು ಅವಳ ಕತ್ತು ಹಿಸುಕುತ್ತಾನೆ, ಅವಳು ಅವನ ಕೆನ್ನೆ ಸವರುತ್ತಾಳೆ, ಅವನು ಅಳುತ್ತಾನೆ, ಅವಳು ಅಸಹ್ಯದ ಒಂದು ಮಾತಾಡುತ್ತಾಳೆ. ಮುಗಿಯಿತು.

ಕಥೆಯ ಲೆಕ್ಕದಲ್ಲಿ ನೋಡಿದರೆ ಸಿನಿಮಾವೇ ಮುಂದೆ. ಏನಾಯಿತು ಅನ್ನುವುದನ್ನು ಅದು ತೋರಿಸುತ್ತದೆ. ಆದರೆ ಯಾಕೆ ಅನ್ನುವುದು ಅದರಲ್ಲಿ ಅಷ್ಟು ಸಲೀಸಾಗಿ ಸಿಗುವುದಿಲ್ಲ. ನನ್ನ ಗೆಳತಿಯ ವಿಷಯ ಇಲ್ಲಿ ಹೇಳಬೇಕು. ಅವಳಿಗೆ ಯಾರೋ ಅದೇ ಹಳೆಯ ಸಲಹೆ ಕೊಟ್ಟಿದ್ದರು. 24 ಮುಗಿಸಿ ನೇರವಾಗಿ ಈ ಸಿನಿಮಾ ನೋಡಿದಳು. ಮುಗಿದ ಮೇಲೆ ಅವಳು ಕೇಳಿದ್ದು ಯುದ್ಧದ ಬಗ್ಗೆ ಅಲ್ಲ. 'ಎಲ್ಲರೂ ಒಂದಾಗಿದ್ರು, ನೋವೇ ಇರಲಿಲ್ಲ. ಅವನು ವಾಪಸ್ ಬಂದಿದ್ಯಾಕೆ?' ಸಿನಿಮಾದಲ್ಲಿ ಆ ನಿರ್ಧಾರ ಇದೆ, ರೇ ಮತ್ತು ಕಾವೊರು ಜೊತೆಗಿನ ಮಾತುಕತೆಯಲ್ಲಿ. ಆದರೆ ಅಷ್ಟು ಹೊತ್ತಿಗೆ ಕಣ್ಣು ಕಿವಿ ದಣಿದಿರುತ್ತವೆ, ಆ ಕೆಲವು ಮಾತುಗಳು ಜಾರಿಹೋಗುತ್ತವೆ. ಅವಳಿಗೆ ಬಿಟ್ಟಿದ್ದ ಎರಡು ಕಂತು ಹಾಕಿದೆ. ಬಿಳಿ ಪರದೆಯ ದೃಶ್ಯ ಬಂದಾಗ ಅವಳೇ ನಿಲ್ಲಿಸಿ, ಹಿಂದಕ್ಕೆ ಹಾಕಿ, ಮತ್ತೆ ನೋಡಿದಳು. ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಹಾಗೆ ನೋಡಿದರೆ ಇವೆರಡೂ ಒಂದನ್ನೊಂದು ಅಳಿಸುವ ಕೊನೆಗಳೇ ಅಲ್ಲ. ಟಿವಿಯ ಕೊನೆಯ ಎರಡು ಕಂತುಗಳಲ್ಲಿ ಮಿಸಾಟೊ ಗುಂಡೇಟು ತಿಂದು ಬಿದ್ದಿರುವ, ನರ್ವ್‌ನ ವಿಜ್ಞಾನಿ ರಿತ್ಸುಕೊ ತೇಲುತ್ತಿರುವ ಚಿತ್ರಗಳು ಒಂದೆರಡು ಕ್ಷಣ ಮಿಂಚಿ ಹೋಗುತ್ತವೆ. 1997ರ ಸಿನಿಮಾ ನೋಡಿದವರಿಗೆ ಅವು ಎಲ್ಲಿಯವು ಅಂತ ತಕ್ಷಣ ಗೊತ್ತಾಗುತ್ತದೆ. ಹೊರಗೆ ಅದೇ ಅನಾಹುತ ನಡೆಯುತ್ತಿರುವಾಗ ಹುಡುಗನ ಒಳಗೆ ಏನಾಯಿತು ಅನ್ನುವುದೇ 25 ಮತ್ತು 26. ಟಿವಿ ನಿರ್ಧಾರವನ್ನು ತೋರಿಸಿತು, ಸಿನಿಮಾ ಆ ನಿರ್ಧಾರಕ್ಕೆ ತೆರಬೇಕಾದ ಬೆಲೆಯನ್ನು. ಬೇರೆಯವರು ಇರುವ ಲೋಕಕ್ಕೆ ವಾಪಸ್ ಬಂದರೆ ಎದುರಾಗುವ ಮೊದಲ ಮನುಷ್ಯಳು ನಿನ್ನನ್ನು ಕಂಡರೆ ಆಗದವಳೇ ಇರಬಹುದು. ಆ ದಡದ ದೃಶ್ಯ ಕ್ರೂರ, ಆದರೆ ಪ್ರಾಮಾಣಿಕ. ಚಪ್ಪಾಳೆಯನ್ನು ಮೊದಲು ನೋಡಿದ್ದರೆ ಮಾತ್ರ ಅದರ ಭಾರ ತಟ್ಟುತ್ತದೆ.

ಮೂರನೆಯದು 2021ರ 'ಥ್ರೈಸ್ ಅಪಾನ್ ಎ ಟೈಮ್'. 2007ರಿಂದ ಆನ್ನೊ ತನ್ನದೇ ಸ್ಟುಡಿಯೊ ಕಾರಾದಿಂದ ಹೊಸದಾಗಿ ಮಾಡಿದ ನಾಲ್ಕು ಸಿನಿಮಾಗಳಲ್ಲಿ ಕೊನೆಯದು, 155 ನಿಮಿಷದ್ದು. ಜಪಾನಿನಲ್ಲಿ 1000 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು. ಇದರ ಮೊದಲ ಭಾಗ ನನಗೆ ಬಹಳ ಇಷ್ಟ. ಅನಾಹುತದಲ್ಲಿ ಬದುಕುಳಿದ ಜನ ಕಟ್ಟಿಕೊಂಡ ಹಳ್ಳಿಯಲ್ಲಿ ರೇಯ ಪ್ರತಿರೂಪದ ಹುಡುಗಿ ಕೆಸರುಗದ್ದೆಗಿಳಿದು ಹೆಂಗಸರ ಜೊತೆ ಭತ್ತ ನಾಟಿ ಮಾಡುತ್ತಾಳೆ, ಒಂದೊಂದೇ ಮಾತು ಕಲಿಯುತ್ತಾಳೆ. ಯಾರೂ ಶಿಂಜಿಯನ್ನು ಅವಸರ ಮಾಡುವುದಿಲ್ಲ. ಕೊನೆಯಲ್ಲಿ ಅಪ್ಪನೇ ರೈಲಿನ ಬೋಗಿಯಲ್ಲಿ ಕೂತು ತನ್ನ ಒಂಟಿತನ ಹೇಳಿಕೊಳ್ಳುತ್ತಾನೆ, ಮಗ ಕೂತಿದ್ದಂಥದೇ ರೈಲು. ಆಮೇಲೆ ಶಿಂಜಿ ಎಲ್ಲರನ್ನೂ ಒಬ್ಬೊಬ್ಬರಾಗಿ ಬೀಳ್ಕೊಡುತ್ತಾನೆ. ದೊಡ್ಡವನಾದ ಅವನು, ಮಾರಿ ಎಂಬ ಹುಡುಗಿ, ಇಬ್ಬರೂ ಉಬೆ ಊರಿನ ರೈಲು ನಿಲ್ದಾಣದಿಂದ ಹೊರಗೆ ಓಡುತ್ತಾರೆ. ಉಬೆ ಆನ್ನೊ ಹುಟ್ಟಿದ ಊರು.

ಇದು ಮೂರರಲ್ಲಿ ಅತಿ ಬೆಚ್ಚಗಿನ ಕೊನೆ, ಹೊಸಬರಿಗೆ ಸುಲಭವಾಗಿ ಹಿಡಿಸುವುದೂ ಇದೇ. ಆದರೂ ನನಗೆ ಇದು ಮೂರನೆಯದೇ. ಎಲ್ಲರ ಗಂಟನ್ನೂ ಬಿಡಿಸಿ ಕೈಗಿಡುತ್ತದೆ, ನಮಗೆ ಮಾಡಲು ಏನೂ ಉಳಿಸುವುದಿಲ್ಲ. ತಮ್ಮ ಎಲ್ಲವನ್ನೂ ಬೆನ್ನುಬೆನ್ನಿಗೆ ನೋಡಿ ಇದಕ್ಕೆ ಬಂದ. 'ಚೆನ್ನಾಗಿದೆ' ಅಂದ, ಎದ್ದು ಊಟಕ್ಕೆ ಹೋದ. 25 ವರ್ಷ ಕಾದವರ ವಿದಾಯ ಅದು. ಕಾಯದವರಿಗೆ ಅಷ್ಟು ತಟ್ಟುವುದಿಲ್ಲ, ಅದರಲ್ಲಿ ಅವನ ತಪ್ಪೇನೂ ಇಲ್ಲ. ಆದರೆ ಅದೇ ತಮ್ಮ 26ನೇ ಕಂತಿನ ಬಗ್ಗೆ ಈಗಲೂ ಜಗಳ ತೆಗೆಯುತ್ತಾನೆ. ಒಂದು ಕೊನೆ ಅಷ್ಟು ದಿನ ತಲೆಯಲ್ಲಿ ಉಳಿದರೆ ಅದು ಸೋತಿದೆ ಅಂತ ಹೇಗೆ ಹೇಳುವುದು?

2021ರ ಸಿನಿಮಾದಲ್ಲೂ ಒಂದು ಕಡೆ ನಾನು ಕೂತಲ್ಲೇ ನೆಟ್ಟಗಾದೆ. ಎಲ್ಲ ಮುಗಿದು ಸಮುದ್ರದ ದಡದಲ್ಲಿ ಶಿಂಜಿ ಒಬ್ಬನೇ ಇದ್ದಾಗ ಚಿತ್ರದ ಬಣ್ಣ ಹೋಗಿ, ಒರಟು ಪೆನ್ಸಿಲ್ ಗೆರೆಗಳು ಉಳಿಯುತ್ತವೆ. ಮಾರಿ ಬಂದ ಮೇಲೆ ಬಣ್ಣ ಮರಳುತ್ತದೆ. 1996ರಲ್ಲಿ ಸಮಯವಿಲ್ಲದೆ ಹೀಗೆ ಮಾಡಿದರು ಅಂತ ಜನ ಆಡಿಕೊಂಡ ಅದೇ ಪೆನ್ಸಿಲ್ ಗೆರೆಯನ್ನು ಆನ್ನೊ ಬೇಕಾದಷ್ಟು ಸಮಯ ಇಟ್ಟುಕೊಂಡೇ ಮತ್ತೆ ಬಳಸಿದ್ದಾನೆ. ಅರ್ಥವೂ ಅದೇ: ಬೇರೆಯವರು ಬರುವ ತನಕ ನೀನು ಪೂರ್ತಿಯಾಗುವುದಿಲ್ಲ.

ಟಿವಿ ಕೊನೆಯಲ್ಲಿ ಕೊರತೆ ಇಲ್ಲ ಅಂತ ನಾನು ಹೇಳುವುದಿಲ್ಲ. ಅಸುಕಾಳಿಗೆ ಅದು ಅನ್ಯಾಯ ಮಾಡುತ್ತದೆ. ಅಷ್ಟು ದೊಡ್ಡ ಕುಸಿತ ತೋರಿಸಿ, ಅವಳನ್ನು ಶಿಂಜಿಯ ಪ್ರಶ್ನೆಗೆ ಒಂದು ದನಿ ಮಾಡಿಬಿಡುತ್ತದೆ. ಮಿಸಾಟೊಳ ವಿಚಾರಣೆಯೂ ಅರ್ಧಕ್ಕೇ ನಿಂತಂತಿದೆ. ಈ ಇಬ್ಬರಿಗಾಗಿ 1997ರ ಸಿನಿಮಾ ಬೇಕೇ ಬೇಕು.

ಹಾಗಾಗಿ ಈಗ ಯಾರು ಕೇಳಿದರೂ ಈ ಕ್ರಮ ಹೇಳುತ್ತೇನೆ. 25 ಮತ್ತು 26 ಒಂದೇ ಕೂತಲ್ಲಿ ನೋಡಿ. ಮುಗಿದ ತಕ್ಷಣ ಆ್ಯಪ್ ತಾನಾಗಿ ಸಿನಿಮಾ ಶುರು ಮಾಡಲು ಹೊರಟರೆ ನಿಲ್ಲಿಸಿ. ಕೆಲವು ದಿನ ಬಿಡಿ, ಸಿಟ್ಟು ಬಂದರೆ ಬರಲಿ, ಯಾರ ಜೊತೆಗಾದರೂ ಜಗಳ ಆಡಿ. ಆಮೇಲೆ 1997ರದ್ದು, ರಾತ್ರಿ ಒಬ್ಬರೇ ಕೂತು ನೋಡುವುದು ಬೇಡ. 2021ರದ್ದಕ್ಕೆ ಮೊದಲು ಅದರ ಹಿಂದಿನ ಮೂರು ಸಿನಿಮಾ ನೋಡಲೇಬೇಕು, ನಡುವೆ ಆದಷ್ಟು ದೊಡ್ಡ ಬಿಡುವು ಕೊಡಿ. ಒಂದು ವರ್ಷ ಬಿಟ್ಟರೂ ನಷ್ಟವಿಲ್ಲ.