ಇಯರ್‌ಪ್ಲಗ್ಗೋ, ಇಯರ್‌ಮಫ್ಫೋ, ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನೋ?

ಆಟಿಸಂ ಇರುವ ಎಷ್ಟೋ ಜನರಿಗೆ, ಮಿಕ್ಕವರ ಗಮನಕ್ಕೂ ಬಾರದ ಸದ್ದು ಕಿವಿಗೆ ಚುಚ್ಚುತ್ತದೆ. ಸದ್ದು ತಗ್ಗಿಸುವ ಈ ಮೂರರಲ್ಲಿ ಒಂದನ್ನು ಕೊಳ್ಳುವ ಮುಂಚೆ ಕೇಳಬೇಕಾದ್ದು ಒಂದೇ: ಕಾಡುವುದು ಯಾವ ಸದ್ದು?

ಫ್ಯಾನು, ಎ.ಸಿ., ಬಸ್ಸಿನ ಎಂಜಿನ್ ತರಹ ಒಂದೇ ಸಮನೆ ಗುಂಯ್‌ಗುಡುವ ಸದ್ದಾದರೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಸರಿ. ಹೊರಗಿನ ಸದ್ದಿಗೆ ಉಲ್ಟಾ ಅಲೆ ಹುಟ್ಟಿಸಿ ಅದನ್ನು ತಗ್ಗಿಸುತ್ತದೆ. ಆದರೆ ದಿಢೀರನೆ ಬರುವ ಹಾರ್ನ್, ಮಗುವಿನ ಕಿರುಚಾಟ, ಸ್ಟೀಲ್ ತಟ್ಟೆ ಬಿದ್ದ ಠಣ್ ಸದ್ದು, ಇವುಗಳ ಮುಂದೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಇಡೀ ಕಿವಿ ಮುಚ್ಚುವ, ಬ್ಯಾಟರಿಯೂ ಬೇಡದ ಇಯರ್‌ಮಫ್ಫೇ ವಾಸಿ. ತಕರಾರು ಏನೆಂದರೆ, ತಲೆ ಒತ್ತುತ್ತದೆ, ಕಿವಿ ಬೆವರುತ್ತದೆ. ಒತ್ತಡ ಸಹಿಸದವರು ಎರಡೇ ನಿಮಿಷಕ್ಕೆ ಕಿತ್ತು ಬಿಸಾಕಬಹುದು.

ಕಿವಿಯೊಳಗೆ ಸಿಕ್ಕಿಸುವ ಇಯರ್‌ಪ್ಲಗ್ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ಪಂಜಿನದು ಮಾತನ್ನೂ ಮಂಕಾಗಿಸುತ್ತದೆ. ಫಿಲ್ಟರ್ ಇರುವುದು ಸದ್ದು ತಗ್ಗಿಸಿದರೂ ಮಾತನ್ನು ಉಳಿಸುತ್ತದೆ. ಜನರ ನಡುವೆ ಕೂತು ಹರಟಬೇಕೆಂದರೆ ನನ್ನ ಓಟು ಇದಕ್ಕೇ. ಆದರೆ ‘ಈಗ ಮಾತಾಡಿಸಬೇಡಿ’ ಅಂತ ಬಾಯಿಬಿಟ್ಟು ಹೇಳಲಾಗದವರಿಗೆ ಎದ್ದು ಕಾಣುವ ಹೆಡ್‌ಫೋನೇ ಒಂದು ಬೋರ್ಡು, ಅಲ್ವಾ?

ಯಾವುದೇ ಆಗಲಿ, ಸುಮ್ನೆ ಇಡೀ ದಿನ ಹಾಕಿಕೊಂಡಿರಬೇಡಿ. ನಿಶ್ಶಬ್ದಕ್ಕೆ ಒಗ್ಗಿದ ಕಿವಿಗೆ ಸಣ್ಣ ಸದ್ದೂ ಜಾಸ್ತಿ ಅನ್ನಿಸತೊಡಗಬಹುದು. ರಸ್ತೆ ದಾಟುವಾಗಂತೂ ತೆಗೆದೇ ದಾಟಿ.