ವಿಜ್ಞಾನ ಪ್ರದರ್ಶನಕ್ಕೆ ಯಾವ ಪರಮಾಣು ಮಾದರಿ?

ಮಂಡ್ಯದ ಹೈಸ್ಕೂಲ್ ಮೇಷ್ಟ್ರೊಬ್ಬರು ಕೇಳಿದ್ದಾರೆ: ಮಕ್ಕಳ ಕೈಲಿ ರುದರ್‌ಫೋರ್ಡ್ ಮಾದರಿ ಮಾಡಿಸಲೋ, ಬೋರ್ ಮಾದರಿಯೋ, ಎಲೆಕ್ಟ್ರಾನ್ ಮೋಡವೋ?

ಖರ್ಚಿನ ಚಿಂತೆ ಬೇಡ ಮೇಷ್ಟ್ರೇ. ಮೊದಲೆರಡಕ್ಕೆ ಥರ್ಮಾಕೋಲ್ ಉಂಡೆ, ತಂತಿ, ಮಣಿ ಸಾಕು. ಮೋಡಕ್ಕೆ ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ ಇದ್ದರಾಯ್ತು.

ಮಗು ಪಕ್ಕದಲ್ಲಿ ನಿಂತು ವಿವರಿಸಬೇಕಲ್ವಾ, ವ್ಯತ್ಯಾಸ ಇರುವುದು ಅಲ್ಲಿ. ರುದರ್‌ಫೋರ್ಡ್ ಮಾದರಿಗೆ (1911) ಒಳ್ಳೆಯ ಕಥೆಯಿದೆ. ತೆಳು ಚಿನ್ನದ ಹಾಳೆಗೆ ಬಿಟ್ಟ ಆಲ್ಫಾ ಕಣಗಳಲ್ಲಿ (ಧನ ವಿದ್ಯುದಂಶದ ಪುಟ್ಟ ಕಣಗಳು) ಹೆಚ್ಚಿನವು ನೇರ ದಾಟಿದವು, ಎಲ್ಲೋ ಕೆಲವು ಹಿಂದಕ್ಕೆ ಚಿಮ್ಮಿದವು. ಅಂದರೆ ಒಳಗೆಲ್ಲ ಬಹುಪಾಲು ಖಾಲಿ, ತೂಕ ನಡುವಿನ ನ್ಯೂಕ್ಲಿಯಸ್‌ನಲ್ಲಿ. ಹೈಡ್ರೋಜನ್ ನ್ಯೂಕ್ಲಿಯಸ್ ಕಡಲೆಕಾಳಿನಷ್ಟಿದ್ದರೆ ಇಡೀ ಪರಮಾಣು ಸುಮಾರು ಅರ್ಧ ಕಿಲೋಮೀಟರ್ ಅಗಲ! ಆದರೆ ಸುತ್ತುವ ಎಲೆಕ್ಟ್ರಾನ್ ಶಕ್ತಿ ಕಳೆದುಕೊಂಡು ಒಳಗೆ ಬೀಳುವುದಿಲ್ಲ ಯಾಕೆ? ಈ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಬೋರ್ 1913ರಲ್ಲಿ ಎಲೆಕ್ಟ್ರಾನ್‌ಗಳಿಗೆ ನಿಗದಿತ ಕಕ್ಷೆ ಕೊಟ್ಟರು. ಹೈಡ್ರೋಜನ್ ಹೊಮ್ಮಿಸುವ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಗೆರೆಗಳ ಲೆಕ್ಕ ಸರಿಹೋಯಿತು. ಸೋಡಿಯಂಗೆ 2, 8, 1 ಅಂತ ಮಣಿ ಪೋಣಿಸಿದರೆ ವೇಲೆನ್ಸಿ (ಬೇರೆ ಪರಮಾಣುಗಳ ಜೊತೆ ಕೂಡುವ ಸಾಮರ್ಥ್ಯ) ಕಣ್ಣಿಗೇ ಕಾಣುತ್ತದೆ. ಎಲೆಕ್ಟ್ರಾನ್ ಜಾಸ್ತಿಯಿರುವ ಪರಮಾಣುಗಳ ಗೆರೆಗಳ ಲೆಕ್ಕದಲ್ಲಿ ಮಾತ್ರ ಇದು ಎಡವುತ್ತದೆ.

ಸತ್ಯಕ್ಕೆ ಹತ್ತಿರ ಇರುವುದು ಮೋಡವೇ. ಎಲೆಕ್ಟ್ರಾನ್ ಎಲ್ಲಿ ಸಿಗಬಹುದು ಅಂತ ಲೆಕ್ಕಹಾಕುವ ಶ್ರೋಡಿಂಗರ್ ಸಮೀಕರಣ (1926) ಬಂದ ಮೇಲೆ ಗೆರೆ ಎಳೆದ ಕಕ್ಷೆ ಹೋಯಿತು. ಎಲೆಕ್ಟ್ರಾನ್ ಸಿಗುವ ಸಾಧ್ಯತೆ ಹೆಚ್ಚಿರುವಲ್ಲಿ ಚುಕ್ಕಿ ಒತ್ತಾಗಿ, ಉಳಿದ ಕಡೆ ವಿರಳವಾಗಿ ಇಡಿಸಿ. ಮಾಡುವುದು ಸುಲಭ, ಹೇಳುವುದು ಕಷ್ಟ.

ಎಂಟನೇ ಕ್ಲಾಸಿನವರಾದರೆ ರುದರ್‌ಫೋರ್ಡ್ ಕೊಡಿ. ಒಂಬತ್ತು, ಹತ್ತಕ್ಕೆ ಬೋರ್ ಪಾಠಕ್ಕೂ ನೆರವಾಗುತ್ತದೆ. ಪಿಯುಸಿಯವರು ಮೋಡ ಮಾಡಲಿ. ಸುಮ್ನೆ ಬಾಯಿಪಾಠ ಒಪ್ಪಿಸದೆ ಪ್ರಶ್ನೆ ಕೇಳುವ ಮಗು ಇದ್ದರೆ, ಒಂಬತ್ತನೇ ಕ್ಲಾಸಿಗೂ ಬೋರ್ ಪಕ್ಕ ಮೋಡದ ಹಾಳೆ ತೂಗುಹಾಕಿಸಿ.