ಸಂಡೂರಿನ ಕೆಂಪು ಸ್ಲೈಮ್ಸಿಗೆ ಹೈಡ್ರೋಸೈಕ್ಲೋನ್ ಸಿಮ್ಯುಲೇಶನ್: ಓಪನ್‌ಫೋಮ್, ಲೈಸೆನ್ಸ್ ಪ್ಯಾಕೇಜು, ಎಕ್ಸೆಲ್ ಹಾಳೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಓಪನ್‌ಫೋಮ್‌ಗೆ. ಹೈಡ್ರೋಸೈಕ್ಲೋನ್ (ಕೆಸರನ್ನು ಸುತ್ತಿಸಿ ಕಣಗಳನ್ನು ಬೇರ್ಪಡಿಸುವ ಶಂಕುವಿನಾಕಾರದ ಸಾಧನ, ಮುಂದೆ ಬರೀ ಸೈಕ್ಲೋನ್) ಒಳಗೆ ಏನಾಗುತ್ತದೆ ಅಂತ ಲೆಕ್ಕ ಹಾಕಲು ಮೂರು ದಾರಿಯಲ್ಲೂ ಕೆಲಸ ಮಾಡಿದ್ದೇನೆ. ಒಂದು, ವರ್ಷದ ಲೈಸೆನ್ಸಿಗೆ ದುಡ್ಡು ಕಟ್ಟಿ ತಂದ, ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ದೊಡ್ಡ ಸಿಎಫ್‌ಡಿ ಪ್ಯಾಕೇಜು. ಎರಡು, ಅದೇ ಕೆಲಸಕ್ಕೆ ಪುಕ್ಕಟೆ ಸಿಗುವ ಓಪನ್‌ಫೋಮ್. ಮೂರು, ಪ್ಲಿಟ್ ಎಂಬ ಸಂಶೋಧಕರ 1976ರ ಸೂತ್ರ ತುಂಬಿದ ಎಕ್ಸೆಲ್ ಹಾಳೆ. ಲೈಸೆನ್ಸ್ ಅವಧಿ ಮುಗಿದ ಮೇಲೆ ನಮ್ಮದೇ ಕೇಸ್ ಫೈಲುಗಳನ್ನು ತೆರೆದು ನೋಡಲೂ ಆಗಲಿಲ್ಲ. ಈ ಹೋಲಿಕೆ ಬರೆಯಲು ಅದೇ ಕಾರಣ.

ಕೆಲಸ ಯಾವುದು ಅಂತ ಗೊತ್ತಾದರೆ ಹೋಲಿಕೆ ಅರ್ಥವಾಗುತ್ತದೆ. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಕಬ್ಬಿಣದ ಅದಿರು ತೊಳೆದಾಗ ಉಳಿಯುವ ನುಣ್ಣನೆಯ ಕೆಂಪು ಕೆಸರೇ ಸ್ಲೈಮ್ಸ್. ಅದರಲ್ಲಿ ಹೆಮಟೈಟ್ ಇನ್ನೂ ಇರುತ್ತದೆ. ಜೊತೆಗೆ ಕಯೋಲಿನೈಟ್, ಗಿಬ್ಸೈಟ್ ರೂಪದಲ್ಲಿ ಅಲ್ಯುಮಿನಾ ಕೂಡ. ಅಲ್ಯುಮಿನಾ ಜಾಸ್ತಿಯಾದರೆ ಬ್ಲಾಸ್ಟ್ ಫರ್ನೇಸಿನ ಸ್ಲ್ಯಾಗ್ (ಕರಗಿದ ಕಲ್ಮಶ) ಹರಿಯದಷ್ಟು ಮಂದವಾಗುತ್ತದೆ, ಕೋಕ್ ಹೆಚ್ಚು ಬೇಕಾಗುತ್ತದೆ. ಹಾಗಾಗಿ ಜೇಡಿಯನ್ನು ಸೈಕ್ಲೋನಿನ ಮೇಲಿನಿಂದ ಹೊರಗೆ ಕಳಿಸಿ ಹೆಮಟೈಟನ್ನು ಕೆಳಗಿನಿಂದ ಹಿಡಿಯಬೇಕು.

ಕೇಳಲು ಸುಲಭ. ಆದರೆ ಸೈಕ್ಲೋನ್ ಸಾಂದ್ರತೆಯನ್ನು ಮಾತ್ರ ನೋಡುವುದಿಲ್ಲ, ಗಾತ್ರವನ್ನೂ ನೋಡುತ್ತದೆ. ಹೆಮಟೈಟಿನ ಸಾಂದ್ರತೆ ನೀರಿನ ಸುಮಾರು 5.2 ಪಟ್ಟು, ಕಯೋಲಿನೈಟಿನದು 2.6 ಪಟ್ಟು. ಸ್ಟೋಕ್ಸ್ ನಿಯಮದಲ್ಲಿ ಹಾಕಿ ನೋಡಿ: 10 ಮೈಕ್ರಾನಿನ ಹೆಮಟೈಟ್ ಕಣವೂ ಸುಮಾರು 16 ಮೈಕ್ರಾನಿನ ಕಯೋಲಿನೈಟ್ ಕಣವೂ ಒಂದೇ ವೇಗದಲ್ಲಿ ಇಳಿಯುತ್ತವೆ. ಅಂದರೆ 10 ಮೈಕ್ರಾನಿನ ಹೆಮಟೈಟನ್ನು ಹಿಡಿಯಲು ಹೋದರೆ 16ಕ್ಕಿಂತ ದಪ್ಪ ಜೇಡಿಯೂ ಜೊತೆಗೇ ಬರುತ್ತದೆ. ಕಟ್ ಸೈಜನ್ನು, ಅಂದರೆ ಅರ್ಧ ಕಣ ಮೇಲೆ, ಅರ್ಧ ಕೆಳಗೆ ಹೋಗುವ ಗಾತ್ರವನ್ನು, ನಾಲ್ಕೈದು ಮೈಕ್ರಾನಿನಷ್ಟು ಸಣ್ಣ ಅಂತರದಲ್ಲಿ ಕೂರಿಸಬೇಕು. ಪ್ರತಿ ಸಲ ವೋರ್ಟೆಕ್ಸ್ ಫೈಂಡರ್ (ಮೇಲಿನಿಂದ ಹೊರಹೋಗುವ ಕೊಳವೆ) ಬದಲಿಸಿ, ಪಂಪ್ ಓಡಿಸಿ, ಸ್ಯಾಂಪಲ್ ತೆಗೆದು ಲ್ಯಾಬಿಗೆ ಕಳಿಸುವುದಕ್ಕೆ ಎಷ್ಟು ದುಡ್ಡು, ಎಷ್ಟು ಸಮಯ ಬೇಕು ಅಂತ ಪ್ಲಾಂಟಿನವರಿಗೆ ಗೊತ್ತು. ಅದಕ್ಕೇ ಕಂಪ್ಯೂಟರ್.

ಎಕ್ಸೆಲ್ ಹಾಳೆಯನ್ನು ಕೀಳಾಗಿ ಕಾಣಬೇಡಿ. ಲಿಂಚ್ ಮತ್ತು ರಾವ್ 1975ರಲ್ಲಿ, ಪ್ಲಿಟ್ 1976ರಲ್ಲಿ ಕೊಟ್ಟ ಸೂತ್ರಗಳು ಇವತ್ತಿಗೂ ಪ್ಲಾಂಟಿನ ಲೆಕ್ಕಕ್ಕೆ ಬಳಕೆಯಲ್ಲಿವೆ. ಪ್ಲಿಟ್ ಕೊಟ್ಟ ಕಟ್ ಸೈಜ್ ಸೂತ್ರದಲ್ಲಿ ವೋರ್ಟೆಕ್ಸ್ ಫೈಂಡರಿನ ವ್ಯಾಸಕ್ಕೆ 1.21ರ ಘಾತ ಇದೆ. ಉಳಿದ ಯಾವ ಅಳತೆಗೂ ಅಷ್ಟು ದೊಡ್ಡ ಘಾತ ಇಲ್ಲ. ಕೈ ಎಲ್ಲಿ ಹಾಕಬೇಕು ಅಂತ ಇದೊಂದೇ ಹೇಳಿಬಿಡುತ್ತದೆ. ಕೆಸರಿನಲ್ಲಿ ಘನಪದಾರ್ಥ ಗಾತ್ರದ ಲೆಕ್ಕದಲ್ಲಿ ಶೇ 10ರಿಂದ 20ಕ್ಕೆ ಏರಿದರೆ ಕಟ್ ಸೈಜ್ ಸುಮಾರು 1.9 ಪಟ್ಟಾಗುತ್ತದೆ ಅಂತಲೂ ಅದೇ ಸೂತ್ರ ತೋರಿಸುತ್ತದೆ. ಆದರೆ ನಿಮ್ಮ ಪ್ಲಾಂಟಿನ ಒಂದು ಸರಿಯಾದ ಸ್ಯಾಂಪಲ್ ಇಟ್ಟು ಅದರ ಸ್ಥಿರಾಂಕವನ್ನು ಹೊಂದಿಸಿಕೊಳ್ಳಲೇಬೇಕು. ಒಳಹರಿವಿನ ಬಾಯಿಯ ಆಕಾರ ಬದಲಿಸಿದರೆ ಏನಾಗುತ್ತದೆ ಅಂತ ಕೇಳಿದರೆ ಹಾಳೆಯ ಹತ್ತಿರ ಉತ್ತರ ಇಲ್ಲ.

ದುಡ್ಡಿನ ಪ್ಯಾಕೇಜಿನಲ್ಲಿ ಮೆಶ್ ಮಾಡುವುದು (ಸೈಕ್ಲೋನಿನ ಒಳಜಾಗವನ್ನು ಸಣ್ಣ ಸೆಲ್ ಆಗಿ ಕತ್ತರಿಸುವುದು) ನಿಜಕ್ಕೂ ಚೆನ್ನ. ಪಟ್ಟಿಯಿಂದ ರೆನಾಲ್ಡ್ಸ್ ಸ್ಟ್ರೆಸ್ ಮಾಡೆಲ್ (ಟರ್ಬ್ಯುಲೆನ್ಸ್, ಅಂದರೆ ಹರಿವಿನ ಕದಡಾಟವನ್ನು ದಿಕ್ಕು ದಿಕ್ಕಿಗೂ ಬೇರೆ ಲೆಕ್ಕ ಹಾಕುವ ಮಾಡೆಲ್) ಆರಿಸಿದರೆ ಜಗಳವಿಲ್ಲದೆ ಓಡುತ್ತದೆ. ಕೈಪಿಡಿಯೂ ಸೊಗಸಾಗಿದೆ. ತೊಂದರೆ ಬೇರೆ ಕಡೆ. ನಮಗೆ ಸಿಕ್ಕ ಲೈಸೆನ್ಸಿನಲ್ಲಿ ಪ್ರೊಸೆಸರಿನ ಕೆಲವೇ ಕೋರ್ ಬಳಸಬಹುದಿತ್ತು, ಉಳಿದ ಕೋರುಗಳು ಸುಮ್ನೆ ಕೂತಿರುತ್ತಿದ್ದವು. ಕಟ್ಟಡದ ನೆಟ್‌ವರ್ಕ್ ಬಿದ್ದರೆ ಲೈಸೆನ್ಸ್ ಸರ್ವರ್ ಸಿಗುತ್ತಿರಲಿಲ್ಲ, ರಾತ್ರಿ ಹಚ್ಚಿಟ್ಟ ರನ್ ಬೆಳಿಗ್ಗೆ ಅರ್ಧಕ್ಕೇ ನಿಂತಿರುತ್ತಿತ್ತು.

ಈಗ ಓಪನ್‌ಫೋಮ್. ಇದರ ಏರ್ ಕೋರ್ ಕಾಟ ಯಾರಿಗೂ ತಪ್ಪಿದ್ದಲ್ಲ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಸೈಕ್ಲೋನಿನಲ್ಲಿ ನೀರು ಗಿರ್ರನೆ ಸುತ್ತುವಾಗ ನಡುವಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಕೆಳಗಿನ ಹೊರಬಾಯಿಯಾದ ಸ್ಪಿಗಾಟಿನಿಂದ ಗಾಳಿ ಒಳಗೆ ನುಗ್ಗಿ ಉದ್ದಕ್ಕೂ ಒಂದು ಗಾಳಿಕಂಬ ನಿಲ್ಲುತ್ತದೆ. ಅದೇ ಏರ್ ಕೋರ್. ಯಾವ ಬಾಯಿಂದ ಎಷ್ಟು ನೀರು ಹೋಗಬೇಕು ಅಂತ ನಿರ್ಧರಿಸುವುದರಲ್ಲಿ ಅದರ ದಪ್ಪಕ್ಕೆ ದೊಡ್ಡ ಪಾತ್ರವಿದೆ. ಅದು ತಪ್ಪಿದರೆ ಕಟ್ ಸೈಜೂ ತಪ್ಪು.

ಸಿಮ್ಯುಲೇಶನ್ನಿನಲ್ಲಿ ನೀರು ತುಂಬಿದ ಸೈಕ್ಲೋನಿನಿಂದ ಶುರು ಮಾಡುತ್ತೀರಿ. ಹರಿವು ಸುತ್ತುತ್ತದೆ, ನಡುವೆ ಒತ್ತಡ ಇಳಿಯುತ್ತದೆ, ಆದರೆ ಗಾಳಿ ಬರುವುದಿಲ್ಲ. ಕಾರಣ ಹೊರಬಾಯಿಯ ಬೌಂಡರಿ ಕಂಡಿಶನ್, ಅಂದರೆ ಅಂಚಿನಲ್ಲಿ ಏನಾಗಬೇಕು ಅಂತ ನಾವು ಕೊಡುವ ನಿಯಮ. ಅಲ್ಲಿ ನೀರಿನ ಪಾಲಿಗೆ (ಸೆಲ್ಲಿನಲ್ಲಿ ನೀರೆಷ್ಟು ಎಂಬ ಅಂಕಿ: 1 ಅಂದರೆ ಪೂರ್ತಿ ನೀರು, 0 ಅಂದರೆ ಪೂರ್ತಿ ಗಾಳಿ) ಝೀರೋ ಗ್ರೇಡಿಯೆಂಟ್ ಕೊಟ್ಟಿದ್ದರೆ, ಹೊರಗಿನಿಂದ ಬರುವುದು ಏನು ಅಂತ ಸಾಫ್ಟ್‌ವೇರ್ ಒಳಗಿನ ಸೆಲ್ ನೋಡಿ ಹೇಳುತ್ತದೆ. ಒಳಗಿರುವುದು ನೀರು, ಹಾಗಾಗಿ ಹೊರಗಿನಿಂದಲೂ ನೀರೇ ಬರುತ್ತದೆ. ಪರದೆಯ ಮೇಲೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ, ಎರರ್ ಒಂದೂ ಇಲ್ಲ.

ಪರಿಹಾರ ಇಷ್ಟು. ಎರಡೂ ಹೊರಬಾಯಿಗಳಲ್ಲಿ ನೀರಿನ ಪಾಲಿಗೆ 'ಇನ್ಲೆಟ್‌ಔಟ್ಲೆಟ್' ಕೊಟ್ಟು ಒಳಬರುವ ಮೌಲ್ಯ 0 ಅಂತ ಹಾಕಿ, ಅಂದರೆ ಬರುವುದಿದ್ದರೆ ಗಾಳಿಯೇ ಬರಲಿ. ವೇಗಕ್ಕೆ 'ಪ್ರೆಶರ್‌ಇನ್ಲೆಟ್‌ಔಟ್ಲೆಟ್‌ವೆಲಾಸಿಟಿ', ಒತ್ತಡಕ್ಕೆ 'ಟೋಟಲ್‌ಪ್ರೆಶರ್'. ಇನ್ನೊಂದು, ಸ್ಪಿಗಾಟಿನ ತುದಿಗೇ ಬೌಂಡರಿ ಇಡಬೇಡಿ. ಅಲ್ಲಿ ನೀರು ಛತ್ರಿಯಂತೆ ಬಿಚ್ಚಿಕೊಂಡು ಸುತ್ತುತ್ತಾ ಬೀಳುತ್ತಿರುತ್ತದೆ, ಅದೇ ಹೊತ್ತಿಗೆ ನಡುವಿನಿಂದ ಗಾಳಿ ಮೇಲೇರುತ್ತಿರುತ್ತದೆ. ಕೆಳಗೆ ಒಂದು ಸಣ್ಣ ಗಾಳಿಪೆಟ್ಟಿಗೆಯನ್ನೂ ಮೆಶ್ ಮಾಡಿ ಬೌಂಡರಿಯನ್ನು ಅದರ ಗೋಡೆಗೆ ತಳ್ಳಿ. ಸೆಲ್ ಸ್ವಲ್ಪ ಜಾಸ್ತಿಯಾಗುತ್ತವೆ, ಆದರೆ ತಲೆನೋವು ಹೋಗುತ್ತದೆ.

ಅಷ್ಟಕ್ಕೂ ಕಾಟ ಮುಗಿಯುವುದಿಲ್ಲ. ಕೆ-ಎಪ್ಸಿಲಾನ್ ಟರ್ಬ್ಯುಲೆನ್ಸ್ ಮಾಡೆಲ್ ಎಲ್ಲಾ ದಿಕ್ಕಿಗೂ ಒಂದೇ ಎಡ್ಡಿ ವಿಸ್ಕಾಸಿಟಿ (ಕದಡಾಟದಿಂದ ಬರುವ ಸ್ನಿಗ್ಧತೆ) ಹಿಡಿಯುತ್ತದೆ. ಇಷ್ಟು ಜೋರಾಗಿ ಸುತ್ತುವ ನೀರಿಗೆ ಅದು ಹೊಂದುವುದಿಲ್ಲ, ಗಾಳಿಕಂಬ ಸಣಕಲಾಗಿಬಿಡುತ್ತದೆ ಅಥವಾ ನಿಲ್ಲುವುದೇ ಇಲ್ಲ. ಎಲ್‌ಆರ್‌ಆರ್ ಎಂಬ ರೆನಾಲ್ಡ್ಸ್ ಸ್ಟ್ರೆಸ್ ಮಾಡೆಲ್ ಬೇಕು. ಅದನ್ನು ಮೊದಲ ಸ್ಟೆಪ್ಪಿನಿಂದಲೇ ಹಾಕಿದರೆ ರನ್ ಸಿಡಿಯುತ್ತದೆ. ಕೆ-ಎಪ್ಸಿಲಾನ್‌ನಲ್ಲಿ ಹರಿವು ಕೂರುವ ತನಕ ಓಡಿಸಿ, ಅದರಿಂದ ಸ್ಟ್ರೆಸ್ ಫೀಲ್ಡ್ ತೆಗೆದು, ಆಮೇಲೆ ಎಲ್‌ಆರ್‌ಆರ್‌ಗೆ ಬದಲಿಸಿ. ಶುರುವಿನಲ್ಲಿ ಅಪ್‌ವಿಂಡ್ ಸ್ಕೀಮ್ (ಒರಟಾದರೂ ಸಿಡಿಯದ ಲೆಕ್ಕದ ವಿಧಾನ) ಇಟ್ಟು ನಿಧಾನಕ್ಕೆ ಬಿಗಿ ಮಾಡಿ. ಫಲಿತಾಂಶ ನಂಬಬಹುದಾ ಅಂತ ನೋಡಲು ಹ್ಸಿಯೆ (Hsieh) ಮತ್ತು ರಾಜಾಮಣಿ ಎಂಬ ಸಂಶೋಧಕರು 1991ರಲ್ಲಿ ಪ್ರಕಟಿಸಿದ 75 ಮಿ.ಮೀ. ಸೈಕ್ಲೋನಿನ ಲೇಸರ್ ಅಳತೆಗಳಿವೆ. ಮೊದಲು ಅದೇ ಸೈಕ್ಲೋನನ್ನು ಮಾಡಿ ಸುತ್ತುವೇಗದ ಗೆರೆ ಕೂಡಿಸಿ ನೋಡಿ, ಆಮೇಲೆ ನಿಮ್ಮದಕ್ಕೆ ಬನ್ನಿ.

ಓಪನ್‌ಫೋಮಿನ ಎರಡು ಶಾಖೆಗಳು ಬೇರೆ ಬೇರೆ ದಾರಿ ಹಿಡಿದಿವೆ, ಇದೂ ಗೊತ್ತಿರಲಿ. ಫೌಂಡೇಶನ್ ಶಾಖೆ 8ನೇ ಆವೃತ್ತಿಯಲ್ಲಿ ಟರ್ಬ್ಯುಲೆನ್ಸ್ ಫೈಲಿನ ಹೆಸರನ್ನೇ ಬದಲಿಸಿತು, 11ರಲ್ಲಿ ನೀರು-ಗಾಳಿ ಎರಡನ್ನೂ ಲೆಕ್ಕ ಹಾಕುವ ಇಂಟರ್‌ಫೋಮ್ ಬದಲು ಹೊಸ ಮಾಡ್ಯೂಲ್ ತಂದಿತು. ಇನ್ನೊಂದು ಶಾಖೆಯಲ್ಲಿ ಹಳೆಯ ಹೆಸರುಗಳೇ ಇವೆ. ಒಂದನ್ನೇ ಹಿಡಿದುಕೊಳ್ಳಿ.

ಕಣಗಳ ವಿಚಾರ ಮೂರರಲ್ಲೂ ಸುಲಭವಿಲ್ಲ. ಕಣಗಳನ್ನು ಒಂದೊಂದಾಗಿ ಹಿಂಬಾಲಿಸುವ ವಿಧಾನ ತೆಳು ಕೆಸರಿಗೆ ಮಾತ್ರ. ಘನಪದಾರ್ಥ ಗಾತ್ರದ ಲೆಕ್ಕದಲ್ಲಿ ಶೇ 10 ದಾಟಿತು ಅಂದರೆ ಕಣ, ನೀರನ್ನು ಒಂದೇ ಮಿಶ್ರಣವಾಗಿ ನೋಡುವ ಮಿಕ್ಸ್ಚರ್ ಮಾಡೆಲಿಗೆ ಹೋಗಬೇಕು.

ಇಷ್ಟೆಲ್ಲಾ ಕಾಟ ಇದ್ದರೂ ನನಗೆ ಓಪನ್‌ಫೋಮೇ ಯಾಕೆ ಅಂದರೆ, ನಾನು ದಿನಪೂರ್ತಿ ಲಿನಕ್ಸಿನಲ್ಲೇ ಇರುವವನು. ಕೇಸ್ ಪೂರ್ತಿ ಟೆಕ್ಸ್ಟ್ ಫೈಲುಗಳು. ವೋರ್ಟೆಕ್ಸ್ ಫೈಂಡರಿನ ಅಳತೆ ಬದಲಿಸಿ ಒಂದರ ಹಿಂದೆ ಒಂದು ರನ್ ಹಚ್ಚಲು ಚಿಕ್ಕ ಸ್ಕ್ರಿಪ್ಟ್ ಸಾಕು. ಮುಂದಿನ ಬ್ಯಾಚಿನ ಹುಡುಗಿಯೊಬ್ಬಳು ನನ್ನ ಕೇಸ್ ಎತ್ತಿಕೊಂಡು ಯಾರ ಅನುಮತಿಯೂ ಇಲ್ಲದೆ ಮುಂದುವರಿಸಬಹುದು, ನನಗೆ ಇದು ತುಂಬಾ ಮುಖ್ಯ. ಪ್ಲಿಟ್ ಹಾಳೆ ಪಕ್ಕದಲ್ಲಿ ಯಾವಾಗಲೂ ತೆರೆದಿರುತ್ತದೆ, ಎರಡರ ಕಟ್ ಸೈಜ್ ತೀರಾ ದೂರ ಹೋದರೆ ಮೊದಲು ಬೌಂಡರಿ ನೋಡುತ್ತೇನೆ. ವಿಂಡೋಸ್ ಬಿಟ್ಟು ಬರಲಾರದವರಿಗೆ, ತಿಂಗಳೊಳಗೆ ರಿಪೋರ್ಟ್ ಕೊಡಬೇಕಾದವರಿಗೆ, ಲೈಸೆನ್ಸಿನ ದುಡ್ಡನ್ನು ಬೇರೆಯವರು ಕಟ್ಟಿಕೊಡುವಂಥವರಿಗೆ ದುಡ್ಡಿನ ಪ್ಯಾಕೇಜೇ ಸರಿ.

ಉಳಿದ ದುಡ್ಡನ್ನು ಮಷೀನಿಗೆ ಹಾಕುವುದಾದರೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ. ಓಪನ್‌ಫೋಮಿಗೆ ಹೆಚ್ಚಾಗಿ ಅಡ್ಡಿಯಾಗುವುದು ಮೆಮೊರಿಯಿಂದ ಪ್ರೊಸೆಸರಿಗೆ ಡೇಟಾ ಹೋಗುವ ವೇಗ. ಮೆಮೊರಿ ಚಾನೆಲ್ ಜಾಸ್ತಿ ಇರುವ ಬೋರ್ಡ್ ತಗೊಂಡು ಎಲ್ಲಾ ಸ್ಲಾಟಿಗೂ ರ‍್ಯಾಮ್ ಹಾಕಿಸಿ.